ತಲೆಗೆ ಕರೆಂಟ್ ಕೊಡುವುದಿಲ್ಲ, ಬರೆದುಕೊಳ್ಳುತ್ತಾರೆ



ಹಳೇಬೀಡಿನ ಕಡೆಯ ಒಂದು ಸಂಘದಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. ದೊಡ್ಡ ಮಗಳಿಗೆ ಫಿಟ್ಸ್ ಬರುತ್ತದೆ. ಇ.ಇ.ಜಿ. ಮಾಡಿಸಿ ಅಂತ ಡಾಕ್ಟರು ಚೀಟಿ ಬರೆದುಕೊಟ್ಟು ಎಂಟು ತಿಂಗಳಾಗಿದೆ, ಚೀಟಿ ಇನ್ನೂ ಡಬ್ಬಿಯಲ್ಲೇ ಇದೆ. ಯಾಕಮ್ಮ ಅಂದರೆ, "ತಲೆಗೆ ಕರೆಂಟ್ ಕೊಡ್ತಾರಂತೆ ಸಿಸ್ಟರ್, ಮದುವೆ ಆಗಬೇಕಾದ ಹುಡುಗಿ" ಅಂದರು.

ಈ ಭಯ ಅರಸೀಕೆರೆಯಲ್ಲೂ ಬೇಲೂರಲ್ಲೂ ಕೇಳಿದ್ದೇನೆ. ಇ.ಇ.ಜಿ.ಯಲ್ಲಿ ಕರೆಂಟ್ ಕೊಡುವುದಿಲ್ಲ. ನಮ್ಮ ಮೆದುಳಿನಲ್ಲೇ ಸದಾ ಹುಟ್ಟುತ್ತಿರುವ ಅತಿ ಸಣ್ಣ ಕರೆಂಟನ್ನು ಯಂತ್ರ ಬರೆದುಕೊಳ್ಳುತ್ತದೆ. ಟಾರ್ಚಿನ ಒಂದು ಸೆಲ್ಲಿನ ವೋಲ್ಟನ್ನು ಮೂವತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು, ಅಷ್ಟೇ. ಜರ್ಮನಿಯ ಹ್ಯಾನ್ಸ್ ಬರ್ಗರ್ ಎಂಬ ವೈದ್ಯರು 1924ರಲ್ಲಿ ಮನುಷ್ಯರ ಮೆದುಳಿನ ಈ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದರು. 1929ರಲ್ಲಿ ಅದನ್ನು ಪ್ರಕಟಿಸಿದಾಗ ಬಹಳ ವೈದ್ಯರೇ ನಂಬಲಿಲ್ಲ. ಹಾಗಿರುವಾಗ ನಾವು ಹೆದರಿದರೆ ತಪ್ಪೇನೂ ಇಲ್ಲ ಬಿಡಿ.

ಆ ಹುಡುಗಿಯನ್ನು ಮೊದಲು ಒಂದು ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ತಾಯಿ ಚೆನ್ನಾಗಿ ಎಣ್ಣೆ ಹಚ್ಚಿ, ಜಡೆ ಹೆಣೆದು, ಹೂ ಮುಡಿಸಿ ತಂದಿದ್ದರು. "ಎಣ್ಣೆ ತಲೆಗೆ ಆಗಲ್ಲ, ಇನ್ನೊಂದು ದಿನ ಬನ್ನಿ" ಅಂತ ಕಿಟಕಿಯಿಂದಲೇ ವಾಪಸ್ ಕಳಿಸಿದರು. ಚೀಟಿಯಲ್ಲಿ ಒಂದು ಸಾಲು ಬರೆದಿದ್ದರೆ ಒಂದು ದಿನದ ಕೂಲಿ ಉಳಿಯುತ್ತಿತ್ತು. ಎಂ.ಎಸ್.ಡಬ್ಲ್ಯೂ. ಓದಿದ ನಾನೂ ವಿಚಾರಿಸಿರಲಿಲ್ಲ, ಅದು ನನ್ನ ತಪ್ಪು.

ಆಮೇಲೆ ಒಂದು ಗುರುವಾರ ತಾಯಿ, ಇಬ್ಬರು ಹೆಣ್ಣುಮಕ್ಕಳು, ನಾನು ಅರಸೀಕೆರೆಯಲ್ಲಿ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆವು. ಪರೀಕ್ಷೆ ಮಾಡಿದ್ದು ಒಬ್ಬ ಹೆಣ್ಣುಮಗಳು, ಟೆಕ್ನಿಷಿಯನ್. ಯಂತ್ರ ಮುಟ್ಟುವ ಮೊದಲು ಟೇಪು ಹಿಡಿದರು. ಮೂಗಿನ ಬುಡದಿಂದ ತಲೆಯ ಹಿಂದಿನ ಉಬ್ಬಿನವರೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಅಳೆದು, ನೂರಕ್ಕೆ ಹತ್ತು, ನೂರಕ್ಕೆ ಇಪ್ಪತ್ತು ಅಂತ ಲೆಕ್ಕ ಹಾಕಿ ಪೆನ್ಸಿಲಿನಿಂದ ಗುರುತು ಮಾಡಿದರು. ರವಿಕೆಗೆ ಅಳತೆ ತೆಗೆಯುವ ಹಾಗೆ! ಕೂದಲು ಬಿಡಿಸಿ, ಗುರುತಿನ ಜಾಗ ಉಜ್ಜಿ, ಅಂಟು ಹಚ್ಚಿ, ಸುಮಾರು ಇಪ್ಪತ್ತು ಪುಟ್ಟ ಬಿಲ್ಲೆಗಳನ್ನು ಕೂರಿಸಿದರು. ಎಣ್ಣೆ ಇದ್ದರೆ ಈ ಬಿಲ್ಲೆ ಸರಿಯಾಗಿ ಹಿಡಿಯುವುದಿಲ್ಲ.

ನಂತರ ಕಣ್ಣು ಮುಚ್ಚು, ಬಿಡು ಅಂದರು. ಮೂರು ನಿಮಿಷ ಜೋರಾಗಿ ಉಸಿರಾಡಿಸಿದರು. ಮಿಣುಕುವ ದೀಪ ತೋರಿಸಿದರು. ಹುಡುಗಿ ಹಲ್ಲು ಕಚ್ಚಿದರೂ ಪರದೆಯ ಮೇಲೆ ಗೆರೆ ಕುಣಿಯುತ್ತಿತ್ತು. ಯಾವುದು ಮೆದುಳಿನ ಅಲೆ, ಯಾವುದು ಕಣ್ಣು ಮಿಟುಕಿಸಿದ್ದು, ಯಾವುದು ವೈರು ಅಲುಗಾಡಿದ್ದು ಅಂತ ಗುರುತಿಸಿ ಬರೆಯುವುದೇ ಅವರ ವಿದ್ಯೆ. ರೋಗ ಏನು ಅಂತ ಹೇಳುವುದು ಡಾಕ್ಟರ ಕೆಲಸ.

ಆದರೆ ಆ ದಿನ ಯಂತ್ರಕ್ಕಿಂತ ದೊಡ್ಡ ಕೆಲಸ ಮಾಡಿದ್ದು ಅವರ ಒಂದು ಪ್ರಶ್ನೆ. "ಫಿಟ್ಸ್ ಯಾವಾಗ ಬರುತ್ತೆ?" ತಾಯಿ, "ಬಂದರೆ ಮಂಗಳವಾರ, ಇಲ್ಲಾಂದ್ರೆ ಶುಕ್ರವಾರ. ದೇವರ ಕಾಟ ಅಂತಾರೆ. ನಿನ್ನೆ ಮಾತ್ರ ಬುಧವಾರವೇ ಬಂತು." "ನಿನ್ನೆ ಏನು ಮಾಡಿದಿರಿ?" "ನೀವೇ ಹೇಳಿದ್ದಲ್ವಾ, ತಲೆಗೆ ನೀರು ಹಾಕಿದ್ವಿ."

ಹಂಡೆಯ ಬಿಸಿನೀರು! ಟೆಕ್ನಿಷಿಯನ್ ಅದನ್ನು ಬರೆದಿಟ್ಟರು. ತಲೆಗೆ ಬಿಸಿನೀರು ಚೊಂಬು ಚೊಂಬಾಗಿ ಹುಯ್ದಾಗ ಬರುವ ಫಿಟ್ಸ್ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು. ಬೆಂಗಳೂರಿನ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲೇ ಇದನ್ನು ವರದಿ ಮಾಡಿದ್ದರು. ಹುಡುಗಿಯ ಇ.ಇ.ಜಿ. ನಾರ್ಮಲ್ ಬಂತು. ಈ ಕಾಯಿಲೆಯಲ್ಲಿ ಬಹಳ ಸಲ ಹಾಗೇ ಬರುತ್ತದೆ; ಬೇರೆ ಫಿಟ್ಸ್‌ನಲ್ಲೂ ಮೊದಲ ಸಲದ ಪರೀಕ್ಷೆಯಲ್ಲಿ ಎಷ್ಟೋ ಮಂದಿಗೆ ಏನೂ ಕಾಣುವುದಿಲ್ಲ. "ರಿಪೋರ್ಟ್ ನಾರ್ಮಲ್, ಮಾತ್ರೆ ಬಿಡ್ತೀನಿ" ಅನ್ನಬೇಡಿ. ಡಾಕ್ಟರು ತಾಯಿಯ ಮಾತನ್ನೇ ಹಿಡಿದು ಉಗುರುಬೆಚ್ಚಗಿನ ನೀರು, ನಿಧಾನವಾಗಿ, ಸ್ವಲ್ಪ ಸ್ವಲ್ಪ ಅಂತ ಹೇಳಿ ಮಾತ್ರೆ ಬರೆದರು.

ಪರೀಕ್ಷೆಗೆ ಹೋಗುವವರು ಹಿಂದಿನ ದಿನ ತಲೆ ತೊಳೆದು ಒಣಗಿಸಿ. ಎಣ್ಣೆ, ಹೂ, ಪಿನ್ನು ಬೇಡ. ಊಟ ಮಾಡಿಕೊಂಡೇ ಹೋಗಿ. ಡಾಕ್ಟರು ಹೇಳದೆ ಮಾತ್ರೆ ನಿಲ್ಲಿಸಬೇಡಿ. ರಾತ್ರಿ ನಿದ್ದೆ ಕಡಿಮೆ ಮಾಡಿ ಬನ್ನಿ ಅಂದಿದ್ದರೆ ಹಾಗೇ ಮಾಡಿ. ಫಿಟ್ಸ್ ನೋಡಿದವರೊಬ್ಬರು ಜೊತೆಗೆ ಇರಲೇಬೇಕು.

ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ನೋಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳ್ಳಿಯಲ್ಲಿ ಸಾವಿರಕ್ಕೆ ಸುಮಾರು 12 ಮಂದಿಗೆ, ನಗರದಲ್ಲಿ ಸುಮಾರು 6 ಮಂದಿಗೆ ಮೂರ್ಛೆರೋಗ ಕಂಡಿತು. ಮದುವೆಯ ಮಾತಿಗೂ ಒಂದು ಉತ್ತರ ಇದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿ ಎಂದಿದ್ದ ಮೂರ್ಛೆರೋಗದ ಮಾತನ್ನು 1999ರಲ್ಲೇ ತೆಗೆದುಹಾಕಲಾಗಿದೆ.

ತಂಗಿ ಹುಡುಗಿ ಪೂರ್ತಿ ಹೊತ್ತು ಟೆಕ್ನಿಷಿಯನ್ ಕೈಯನ್ನೇ ನೋಡುತ್ತಿದ್ದಳು. ರೈಲಿನಲ್ಲಿ, "ಸಿಸ್ಟರ್, ಆ ಕೆಲಸಕ್ಕೆ ಏನು ಓದಬೇಕು?" ಅಂತ ಕೇಳಿದಳು. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿರಬೇಕು. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಡಿ ಬಿ.ಎಸ್ಸಿ. ನ್ಯೂರೋ ಸೈನ್ಸ್ ಟೆಕ್ನಾಲಜಿ ಇದೆ, ನಿಮ್ಹಾನ್ಸ್‌ನಲ್ಲೂ ತರಬೇತಿ ಇದೆ. ಬೋರ್ಡು ಹಾಕಿಕೊಂಡು ಆರು ತಿಂಗಳಿಗೆ ಸರ್ಟಿಫಿಕೇಟ್ ಕೊಡುವ ಕಡೆ ದುಡ್ಡು ಕಟ್ಟಬೇಡಿ, ಮಾನ್ಯತೆ ಇದೆಯಾ ಅಂತ ಮೊದಲು ಕೇಳಿ.

ಅವಳೀಗ ಎರಡನೇ ಪಿ.ಯು.ಸಿ. ವಿಜ್ಞಾನ. ಫೀಸಿಗೆ ಸಂಘದಿಂದ ಸಾಲ ಕೊಡಬಹುದಾ ಅಂತ ತಾಯಿ ಅರ್ಜಿ ಕೊಟ್ಟಿದ್ದಾರೆ. "ಹಸುಗೆ ಕೊಟ್ಟರೆ ಹಾಲು ಬರುತ್ತೆ, ಇದಕ್ಕೆ ನಾಲ್ಕು ವರ್ಷ ಕಾಯಬೇಕು" ಅಂತ ಒಬ್ಬ ಸದಸ್ಯೆ ತಕರಾರು ತೆಗೆದಿದ್ದಾರೆ. ಮುಂದಿನ ಸಭೆಯಲ್ಲಿ ಅದೇ ಮೊದಲ ವಿಷಯ.