ಬಡಾವಣೆಯ ನಕ್ಷೆ: ವಿಸ್ತೀರ್ಣದ ಒಂದು ಪಾಠ

ಎಂಟನೆಯ ತರಗತಿಯ ವಿಸ್ತೀರ್ಣದ ಪಾಠಕ್ಕೆ ನಾನು ಹೊಸ ಬಡಾವಣೆಯ ನಕ್ಷೆಯನ್ನು ಆರಿಸಿಕೊಂಡೆ. ‘ಮೂವತ್ತು-ನಲವತ್ತು’ ಸೈಟು ಮಕ್ಕಳು ಮನೆಯಲ್ಲಿ ದಿನವೂ ಕೇಳುವ ಮಾತು. ಜಮೀನು 240 ಅಡಿ ಉದ್ದ, 200 ಅಡಿ ಅಗಲ. ಮುಖ್ಯರಸ್ತೆ ಅಗಲದ ಒಂದು ಬದಿಗೆ ಮಾತ್ರ. ಗ್ರಾಫ್ ಹಾಳೆಯಲ್ಲಿ ಸೈಟು ಗುರುತಿಸಿ, ಪ್ರತಿಯೊಂದಕ್ಕೂ ದಾರಿ ಬಿಡಿ ಎಂದೆ.

ಒಂದು ಗುಂಪು 20 ಅಡಿಯ ಎರಡು ರಸ್ತೆ ಎಳೆದು, ನಾಲ್ಕು ಸಾಲುಗಳಲ್ಲಿ 32 ಸೈಟು ಕೂಡಿಸಿತು. ಲೆಕ್ಕ ಸರಿ. ರಸ್ತೆಗಳೆರಡೂ ಕೊನೆಯಲ್ಲಿ ಮುಚ್ಚಿದ್ದವು. “ಕೊನೆಯ ಮನೆಗೆ ಆಂಬುಲೆನ್ಸ್ ಬಂದರೆ ಎಲ್ಲಿ ತಿರುಗಬೇಕು?” ಎಂದು ಕೇಳಿದೆ. (ಈ ಪ್ರಶ್ನೆ ನಕ್ಷೆ ಬರೆದ ಮೇಲೆಯೇ ಬರಬೇಕು, ಮೊದಲೇ ಕೇಳಿದರೆ ಮಕ್ಕಳಿಗೆ ಯೋಚಿಸಲು ಏನೂ ಉಳಿಯದು.)

“ನಮ್ಮ ಓಣಿನೂ ಹಂಗ ಐತ್ರಿ ಟೀಚರ್. ಅಜ್ಜನ್ನ ಮಂಚದ ಮ್ಯಾಲ ಹೊತ್ಕೊಂಡು ರಸ್ತೆಗೆ ತಂದ್ರು,” ಎಂದಳು ಒಬ್ಬ ಹುಡುಗಿ. ಅವಳ ಗುಂಪೇ ನಡುವಿನ ಎರಡು ಸಾಲುಗಳ ಕೊನೆಯ ಒಂದೊಂದು ಸೈಟು ಅಳಿಸಿ ರಸ್ತೆಗಳನ್ನು ಜೋಡಿಸಿತು. ಉಳಿದದ್ದು 30.

“ಮಾರೋರಿಗೆ ಲುಕ್ಸಾನಲ್ರಿ?” ಎಂದ ಇನ್ನೊಬ್ಬ. ಶೇಕಡಾವಾರು ಅಲ್ಲಿಂದಲೇ ಶುರುವಾಯಿತು: ರಸ್ತೆಯ ಪಾಲು 20ರಿಂದ 25ಕ್ಕೆ ಏರಿತ್ತು. ನಿಜದ ಬಡಾವಣೆಯಲ್ಲಿ ರಸ್ತೆ ಇನ್ನೂ ಅಗಲವಿರಬೇಕು, ಉದ್ಯಾನಕ್ಕೂ ಜಾಗ ಬಿಡಬೇಕು. ಅದನ್ನು ಮುಂದಿನ ಅವಧಿಗೆ ಇಟ್ಟುಕೊಂಡಿದ್ದೇನೆ.