ಡ್ರಾಫ್ಟ್ಸ್‌ಮನ್ ಬೇಕಾಗಿದ್ದಾರೆ: ಯಾವ ಕೆಲಸಕ್ಕೆ?

ಈ ಸಲದ ಪತ್ರಗಳಲ್ಲಿ ಬಹುಪಾಲು ದಾಂಡೇಲಿ, ಹಳಿಯಾಳ, ಜೋಯಿಡಾ ಕಡೆಯವು. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದಾಗಿನಿಂದ ದಾಂಡೇಲಿ ಯಂತ್ರಗಳ ಊರು. ಕಾಳಿ ನದಿಯ ವಿದ್ಯುದಾಗಾರಗಳು, ಹಳಿಯಾಳದ ಸಕ್ಕರೆ ಕಾರ್ಖಾನೆ ಆಮೇಲೆ ಬಂದವು. ಎಲ್ಲಿ ಪೈಪು, ಬಾಯ್ಲರ್, ಕನ್ವೇಯರ್ ಇವೆಯೋ ಅಲ್ಲಿ ಡ್ರಾಯಿಂಗ್ ಬೇಕು, ಡ್ರಾಯಿಂಗ್ ಮಾಡುವವರೂ ಬೇಕು. ಅವರನ್ನು ಕರೆಯುವಾಗ ಹುದ್ದೆಯ ವಿವರವನ್ನು ಹೇಗೆ ಬರೆಯಬೇಕು ಎಂಬುದೇ ಹೆಚ್ಚಿನವರ ಪ್ರಶ್ನೆ. ಬರೆದವರ ಹೆಸರು ಬಿಟ್ಟಿದ್ದೇನೆ.

ಪ್ರಶ್ನೆ: ಅಂಬೇವಾಡಿಯಲ್ಲಿ ನಮ್ಮದು ಫ್ಯಾಬ್ರಿಕೇಶನ್ ವರ್ಕ್‌ಶಾಪ್. ಕಾರ್ಖಾನೆಗಳ ಪೈಪಿಂಗ್, ಟ್ಯಾಂಕ್, ಪ್ಲಾಟ್‌ಫಾರ್ಮ್, ಕನ್ವೇಯರ್ ಕೆಲಸ ಹಿಡಿಯುತ್ತೇವೆ. ಡ್ರಾಯಿಂಗ್‌ಗೆ ಇಬ್ಬರಿದ್ದಾರೆ, ಇನ್ನೂ ಮೂವರು ಬೇಕು. ಆಟೋಕ್ಯಾಡ್, ಸಾಲಿಡ್‌ವರ್ಕ್ಸ್, ಟೆಕ್ಲಾ, ಸ್ಟಾಡ್ ಪ್ರೊ ಎಲ್ಲ ಬರಬೇಕು, ಐದು ವರ್ಷ ಅನುಭವ ಇರಬೇಕು ಎಂದು ಜಾಹೀರಾತು ಹಾಕಿದೆವು. ಬಂದವರಲ್ಲಿ ಕೆಲವರಿಗೆ ಏನೂ ಬರುವುದಿಲ್ಲ. ಬಲ್ಲವರು ಮೂರು ತಿಂಗಳಿಗೆ ಬೆಳಗಾವಿಗೋ ಪುಣೆಗೋ ಹೋಗಿಬಿಡುತ್ತಾರೆ. ನಮ್ಮಂಥ ಸಣ್ಣ ಊರಿಗೆ ಒಳ್ಳೆಯವರು ಸಿಗುವುದೇ ಇಲ್ಲವೇ ಸರ್?
— ವರ್ಕ್‌ಶಾಪ್ ಮಾಲೀಕರು, ಅಂಬೇವಾಡಿ

ಉತ್ತರ: ಸಿಗುತ್ತಾರೆ. ಆದರೆ ನೀವು ಕರೆದಿರುವುದು ನಿಮಗೆ ಬೇಕಾದವರನ್ನಲ್ಲ. ಸ್ಟಾಡ್ ಪ್ರೊ ಎಂಬುದು ಸ್ಟ್ರಕ್ಚರ್ ಎಷ್ಟು ಭಾರ ತಡೆಯುತ್ತದೆ ಎಂದು ಲೆಕ್ಕ ಹಾಕುವ ಸಾಫ್ಟ್‌ವೇರ್. ಅದು ಎಂಜಿನಿಯರ್ ಮಾಡುವ ಕೆಲಸ, ಅದರ ಹೊಣೆಯೂ ಎಂಜಿನಿಯರ್‌ದೇ. ಡ್ರಾಫ್ಟ್ಸ್‌ಮನ್ ಹುದ್ದೆಗೆ ಅದನ್ನು ಕೇಳಿದರೆ, ಡ್ರಾಫ್ಟ್ಸ್‌ಮನ್ ಸಂಬಳಕ್ಕೆ ಎಂಜಿನಿಯರ್ ಹುಡುಕುತ್ತಿದ್ದಾರೆ ಎಂದು ಬಲ್ಲವರಿಗೆ ತಿಳಿದುಹೋಗುತ್ತದೆ. ಅವರು ಅರ್ಜಿ ಹಾಕುವುದಿಲ್ಲ, ಹಾಕಿದರೂ ಬೇರೆ ಕಡೆ ಸಿಗುವವರೆಗೆ ಇರುತ್ತಾರೆ.

ಸಾಫ್ಟ್‌ವೇರ್ ಹೆಸರುಗಳನ್ನು ಸ್ವಲ್ಪ ಹೊತ್ತು ಬದಿಗಿಡಿ. ನಿಮ್ಮ ಡ್ರಾಯಿಂಗ್ ರಿಜಿಸ್ಟರ್ ತೆಗೆಯಿರಿ. ರಿಜಿಸ್ಟರ್ ಇಲ್ಲದಿದ್ದರೆ ಕಂಪ್ಯೂಟರಿನ ಫೋಲ್ಡರುಗಳನ್ನೇ ತೆರೆಯಿರಿ. ಕಳೆದ ಒಂದು ವರ್ಷ ನಿಮ್ಮಿಂದ ಹೊರಗೆ ಹೋದ ಡ್ರಾಯಿಂಗ್‌ಗಳನ್ನು ಇದ್ದ ಇಬ್ಬರನ್ನೂ ಕೂರಿಸಿಕೊಂಡು ಬೇರೆ ಬೇರೆ ಮಾಡಿ: ಪೈಪಿಂಗ್ ಐಸೊಮೆಟ್ರಿಕ್ ಎಷ್ಟು, ಜಿ.ಎ. (ಜನರಲ್ ಅರೇಂಜ್‌ಮೆಂಟ್) ಡ್ರಾಯಿಂಗ್ ಎಷ್ಟು, ಫ್ಯಾಬ್ರಿಕೇಶನ್ ಡೀಟೇಲ್ ಎಷ್ಟು, ಹಳೆಯ ಶೀಟಿಗೆ ಮಾಡಿದ ರಿವಿಜನ್ ಎಷ್ಟು, ಕೆಲಸ ಮುಗಿದ ಮೇಲೆ ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟ ಆ್ಯಸ್-ಬಿಲ್ಟ್ ಎಷ್ಟು. ನಿಮ್ಮಂಥ ಕಡೆ ಸಾಮಾನ್ಯವಾಗಿ ಹೊಸ ಡಿಸೈನ್ ಕಡಿಮೆ. ಹಳೆಯ ಲೈನಿಗೆ ಹೊಸ ಲೈನು ಸೇರಿಸುವುದು, ಕೊಳೆತ ಪ್ಲಾಟ್‌ಫಾರ್ಮ್ ಬದಲಿಸುವುದು, ಸೈಟಿಗೆ ಹೋಗಿ ಅಳತೆ ತಂದು ಡ್ರಾಯಿಂಗ್ ಮಾಡುವುದು, ಮೆಟೀರಿಯಲ್ ಪಟ್ಟಿ ತೆಗೆಯುವುದು ಇವೇ ಹೆಚ್ಚು. ರಿಜಿಸ್ಟರ್ ಹಾಗೆ ಹೇಳಿದರೆ ನಿಮಗೆ ಬೇಕಾದವರ ಮೊದಲ ಗುಣ ಟೇಪು ಹಿಡಿದು ಸರಿಯಾಗಿ ಅಳೆಯುವುದು. ಟೆಕ್ಲಾ ಬೇಕೋ ಬೇಡವೋ ಎಂಬುದೂ ಆಗ ತಾನಾಗಿ ಗೊತ್ತಾಗುತ್ತದೆ.

ಎರಡನೆಯದು, ಮೂವರಿಗೂ ಒಂದೇ ವಿವರ ಬರೆಯಬೇಡಿ. ಹಿಂದೆ ಲೋಕೋಪಯೋಗಿಯಂಥ ಇಲಾಖೆಗಳ ಡ್ರಾಯಿಂಗ್ ಆಫೀಸಿನಲ್ಲಿ ಟ್ರೇಸರ್, ಡ್ರಾಫ್ಟ್ಸ್‌ಮನ್, ಹೆಡ್ ಡ್ರಾಫ್ಟ್ಸ್‌ಮನ್ ಎಂಬ ಮೆಟ್ಟಿಲುಗಳಿದ್ದವು. ಟ್ರೇಸಿಂಗ್ ಪೇಪರ್ ಮೇಲೆ ಇಂಕ್ ಪೆನ್ನಿನಲ್ಲಿ ಗೆರೆ ತಿದ್ದುತ್ತಾ ಟ್ರೇಸರ್ ಕಲಿಯುತ್ತಿದ್ದ. 1982ರಲ್ಲಿ ಆಟೋಕ್ಯಾಡ್ ಬಂತು, ಕ್ರಮೇಣ ಟ್ರೇಸರ್ ಹುದ್ದೆ ಮಾಯವಾಯಿತು. ಹುದ್ದೆಯ ಜೊತೆಗೆ ಕಲಿಯುವ ಜಾಗವೂ ಹೋಯಿತು ಎಂಬುದನ್ನು ಬಹಳ ಮಾಲೀಕರು ಗಮನಿಸಲೇ ಇಲ್ಲ. ಇವತ್ತು ಎಲ್ಲರಿಗೂ ಐದು ವರ್ಷ ಪಳಗಿದವರೇ ಬೇಕು, ಪಳಗಿಸುವವರು ಯಾರೂ ಇಲ್ಲ. ನಿಮ್ಮ ಮೂರು ಜಾಗದಲ್ಲಿ ಒಂದನ್ನು ಅನುಭವಿಗೆ ಇಡಿ. ಇನ್ನೊಂದಕ್ಕೆ ಐಟಿಐ ಡ್ರಾಫ್ಟ್ಸ್‌ಮನ್ ಮೆಕ್ಯಾನಿಕಲ್ ಅಥವಾ ಡಿಪ್ಲೊಮಾ ಆಗಿ ಒಂದೆರಡು ವರ್ಷ ದುಡಿದವರು ಸಾಕು. ಮೂರನೆಯದಕ್ಕೆ ಈಗ ತಾನೇ ಹೊರಬಂದ ಹುಡುಗ ಅಥವಾ ಹುಡುಗಿಯನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳಿ. 1961ರ ಅಪ್ರೆಂಟಿಸ್ ಕಾಯ್ದೆ ಇರುವುದೇ ಅದಕ್ಕೆ. ಐಟಿಐನಲ್ಲಿ ಈ ಟ್ರೇಡ್ ಎರಡು ವರ್ಷದ್ದು. ಗೆರೆ, ಪ್ರೊಜೆಕ್ಷನ್, ಸ್ಕೇಲ್, ಲಿಮಿಟ್ಸ್-ಫಿಟ್ಸ್ ಕಲಿತೇ ಬಂದಿರುತ್ತಾರೆ. ನಿಮ್ಮ ಫ್ಲ್ಯಾಂಜು, ನಿಮ್ಮ ಸಪೋರ್ಟು, ನಿಮ್ಮ ಫಿಟ್ಟರ್ ಕೇಳುವ ಅಳತೆ ಇವನ್ನು ನೀವೇ ಕಲಿಸಬೇಕು.

ಎರಡನೆಯ ಜಾಗಕ್ಕೆ ನಾನಾದರೆ ಹೀಗೆ ಬರೆಯುತ್ತೇನೆ:

“ಕಾರ್ಖಾನೆ ಪೈಪಿಂಗ್ ಮತ್ತು ಸಣ್ಣ ಸ್ಟ್ರಕ್ಚರ್‌ಗಳ ಡ್ರಾಯಿಂಗ್ ಕೆಲಸ. ವಾರದಲ್ಲಿ ಒಂದೆರಡು ದಿನ ಸೈಟಿಗೆ ಹೋಗಿ ಅಳತೆ ತೆಗೆಯಬೇಕು, ಪೈಪ್‌ರ‍್ಯಾಕ್ ಏರಬೇಕಾಗುತ್ತದೆ. ಹೆಲ್ಮೆಟ್, ಬೆಲ್ಟ್, ಶೂ ನಾವು ಕೊಡುತ್ತೇವೆ. ಉಳಿದ ದಿನ ಆಫೀಸಿನಲ್ಲಿ ಆಟೋಕ್ಯಾಡ್‌ನಲ್ಲಿ ಐಸೊಮೆಟ್ರಿಕ್, ಫ್ಯಾಬ್ರಿಕೇಶನ್ ಡ್ರಾಯಿಂಗ್ ಮತ್ತು ಮೆಟೀರಿಯಲ್ ಪಟ್ಟಿ. ನಿಮ್ಮ ಡ್ರಾಯಿಂಗನ್ನು ಹಿರಿಯ ಡ್ರಾಫ್ಟ್ಸ್‌ಮನ್ ಚೆಕ್ ಮಾಡುತ್ತಾರೆ. ಲೆಕ್ಕಾಚಾರದ ಹೊಣೆ ಎಂಜಿನಿಯರ್‌ದು, ನಿಮ್ಮದಲ್ಲ. ಕಾರ್ಖಾನೆಯ ಶಟ್‌ಡೌನ್ ಹತ್ತಿರವಾದಾಗ ಹೆಚ್ಚು ತಾಸು ದುಡಿಯಬೇಕಾಗುತ್ತದೆ, ಅದಕ್ಕೆ ಓವರ್‌ಟೈಮ್ ಇದೆ. ಕನ್ನಡ, ಹಿಂದಿ ಮಾತನಾಡಲು ಬಂದರೆ ಸಾಕು. ಮರಾಠಿ, ಕೊಂಕಣಿ ಬಂದರೆ ಅನುಕೂಲ. ಮೊದಲ ಆರು ತಿಂಗಳು ಸ್ಟೀಮ್ ಲೈನ್ ಡ್ರಾಯಿಂಗ್ ಮಾಡುವುದನ್ನು ಕಲಿಸುತ್ತೇವೆ.”

ಇದರ ಕೆಳಗೆ ಸಂಬಳವನ್ನು ಅಂಕಿಯಲ್ಲಿ ಹಾಕಿ. “ಅನುಭವಕ್ಕೆ ತಕ್ಕಂತೆ” ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅಳ್ನಾವರ ಕಡೆಯಿಂದ ಬಸ್ಸಿನಲ್ಲಿ ಬಂದುಹೋಗುವವರಿಗೆ ಕೆಲಸದ ವೇಳೆ ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯುತ್ತದೆ ಎಂಬುದೂ ಸಂಬಳದಷ್ಟೇ ಮುಖ್ಯ.

ಸ್ಟೀಮ್ ಲೈನಿನ ಮಾತು ಬಂದದ್ದರಿಂದ ಇನ್ನೊಂದು. 1950ರ ಇಂಡಿಯನ್ ಬಾಯ್ಲರ್ ರೆಗ್ಯುಲೇಶನ್ಸ್‌ಗೆ ಒಳಪಡುವ ಪೈಪಿನ ಡ್ರಾಯಿಂಗ್ ಬಾಯ್ಲರ್ ಇಲಾಖೆಯ ಅನುಮೋದನೆಗೆ ಹೋಗಬೇಕು. ಆ ಕಾಗದಪತ್ರಗಳ ಹಿಂದೆ ಓಡಾಡುವವರು ಯಾರು ಎಂದು ಮೊದಲೇ ತೀರ್ಮಾನಿಸಿ, ವಿವರದಲ್ಲಿ ಬರೆಯಿರಿ. ಬರೆಯದಿದ್ದರೆ ಅದು ಕೊನೆಗೆ ಎಲ್ಲರಿಗಿಂತ ಕಿರಿಯನ ತಲೆಗೆ ಬೀಳುತ್ತದೆ, ತಪ್ಪಾದರೆ ಬೈಗುಳವೂ ಅವನಿಗೇ.

ಸಂದರ್ಶನಕ್ಕೆ ಬಂದವರ ಕೈಗೆ ವರ್ಕ್‌ಶಾಪಿನಲ್ಲಿ ಬಿದ್ದಿರುವ ಒಂದು ಬೆಂಡು, ಎರಡು ಫ್ಲ್ಯಾಂಜು ಇರುವ ತುಂಡು ಪೈಪು ಕೊಡಿ. ಟೇಪು, ಕಾಗದ, ಪೆನ್ಸಿಲ್ ಕೊಟ್ಟು ಸ್ಕೆಚ್ ಮಾಡಿಸಿ. ಬೋಲ್ಟಿನ ತೂತು ಎಣಿಸಿದರೇ, ಅಳತೆಯನ್ನು ಫ್ಲ್ಯಾಂಜಿನ ಮುಖದಿಂದ ಹಿಡಿದರೇ, ಅನುಮಾನ ಬಂದಾಗ ನಿಮ್ಮನ್ನು ಕೇಳಿದರೇ ಎಂಬುದನ್ನು ನೋಡಿ. ಕೇಳುವವರನ್ನು ಇಟ್ಟುಕೊಳ್ಳಿ.

ಪ್ರಶ್ನೆ: ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಒಂದು ವರ್ಷವಾಯಿತು. ಧಾರವಾಡ, ಹುಬ್ಬಳ್ಳಿ ಕಡೆಯ ಜಾಹೀರಾತುಗಳಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಕೇಳುತ್ತಾರೆ. ಕೆಲವದರಲ್ಲಿ “ಪುರುಷರಿಗೆ ಮಾತ್ರ” ಎಂದೇ ಇರುತ್ತದೆ. ಸೈಟ್ ಕೆಲಸ ಇರುತ್ತದೆ ಎಂಬುದು ಕಾರಣವಂತೆ. ಸೈಟಿಗೆ ಹೋಗಲು ನಾನು ತಯಾರಿದ್ದೇನೆ. ಅರ್ಜಿ ಹಾಕಲೋ ಬೇಡವೋ?
— ಓದುಗಿ, ಹಳಿಯಾಳ

ಉತ್ತರ: ಹಾಕಿ. ಅನುಭವದ ಸಾಲನ್ನು ಎಷ್ಟೋ ಕಡೆ ಇನ್ನೊಬ್ಬರ ಜಾಹೀರಾತು ನೋಡಿ ಇಳಿಸಿಕೊಂಡಿರುತ್ತಾರೆ. ಕೆಲಸದ ಸಾಲುಗಳನ್ನು ಓದಿ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿಮಗೆ ಬಂದರೆ ಅರ್ಜಿ ಹಾಕಲು ಹಿಂಜರಿಯಬೇಡಿ. ಅರ್ಜಿಯ ಜೊತೆ ನೀವೇ ಮಾಡಿದ ಎರಡು ಶೀಟು ಕಳಿಸಿ. ಕಾಲೇಜಿನ ಅಸೈನ್‌ಮೆಂಟ್ ಬೇಡ. ನಿಮ್ಮೂರಿನ ಯಾವುದಾದರೂ ವರ್ಕ್‌ಶಾಪಿಗೆ ಹೋಗಿ, ಕೇಳಿಕೊಂಡು, ಒಂದು ನಿಜವಾದ ವಸ್ತುವನ್ನು ಅಳೆದು ಫಸ್ಟ್ ಆ್ಯಂಗಲ್‌ನಲ್ಲಿ ಮಾಡಿದ ಡ್ರಾಯಿಂಗ್ ಇರಲಿ, ಟೈಟಲ್ ಬ್ಲಾಕ್ ಪೂರ್ತಿ ತುಂಬಿರಲಿ. ನೋಡುವವರು ಮೊದಲು ನೋಡುವುದು ಅಳತೆಗಳನ್ನು ಎಲ್ಲಿಂದ ಹಿಡಿದಿದ್ದೀರಿ ಎಂಬುದನ್ನು.

“ಪುರುಷರಿಗೆ ಮಾತ್ರ” ಎಂಬ ಸಾಲಿನ ಬಗ್ಗೆ ಮಾಲೀಕರಿಗೂ ನೇರವಾಗಿ ಹೇಳುತ್ತೇನೆ. 1976ರ ಸಮಾನ ವೇತನ ಕಾಯ್ದೆಯೇ ನೇಮಕದಲ್ಲಿ ಹೆಣ್ಣು-ಗಂಡು ಭೇದ ಕೂಡದು ಎಂದಿತ್ತು, 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಕೆಲಸ ಕಷ್ಟದ್ದಾದರೆ ಆ ಕಷ್ಟವನ್ನು ಬರೆಯಿರಿ: ಎಷ್ಟು ಎತ್ತರ ಹತ್ತಬೇಕು, ರಾತ್ರಿ ಪಾಳಿ ಇದೆಯೇ, ಸೈಟಿನಲ್ಲಿ ಶೌಚಾಲಯ ಇದೆಯೇ, ವಾಹನ ಕೊಡುತ್ತೀರೇ. ಓದಿದವರು ತಮಗೆ ಆಗುತ್ತದೋ ಇಲ್ಲವೋ ಎಂದು ತಾವೇ ನಿರ್ಧರಿಸಲಿ. ನಿಮ್ಮ ಪತ್ರದಲ್ಲಿರುವ ತಯಾರಿಯನ್ನು, ತಂಗಿ, ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ. ಅದನ್ನು ಓದಿಯೂ ಬೇಡವೆನ್ನುವ ಕಡೆ ನಿಮಗೆ ಕಲಿಯುವುದಕ್ಕೂ ಹೆಚ್ಚೇನೂ ಇರುವುದಿಲ್ಲ.

ಪ್ರಶ್ನೆ: ಹದಿನೆಂಟು ವರ್ಷದಿಂದ ಡ್ರಾಯಿಂಗ್ ಕೆಲಸ. ಈಗ ಚೆಕ್ಕರ್. ಹೊಸದಾಗಿ ಬಂದ ಮ್ಯಾನೇಜರ್ ಎಲ್ಲರ ಹುದ್ದೆಯ ವಿವರದಲ್ಲೂ “ತಿಂಗಳಿಗೆ ಇಷ್ಟು ಡ್ರಾಯಿಂಗ್” ಎಂದು ಸೇರಿಸಿದ್ದಾರೆ. ನನಗೂ ಸೇರಿಸಿದ್ದಾರೆ. ಇತರರ ಡ್ರಾಯಿಂಗ್ ಚೆಕ್ ಮಾಡಿ, ನನ್ನದನ್ನೂ ಮಾಡಿ, ನನ್ನದನ್ನು ನಾನೇ ಚೆಕ್ ಮಾಡಬೇಕಂತೆ. ಇದು ಸರಿಯೇ?
— ದಾಂಡೇಲಿಯಿಂದ ಒಬ್ಬರು

ಉತ್ತರ: ಸರಿಯಲ್ಲ. ಟೈಟಲ್ ಬ್ಲಾಕಿನಲ್ಲಿ ಡ್ರಾಯಿಂಗ್ ಮಾಡಿದವರು, ಚೆಕ್ ಮಾಡಿದವರು, ಅನುಮೋದಿಸಿದವರು ಎಂದು ಮೂರು ಸಹಿಗೆ ಜಾಗ ಇಟ್ಟಿರುವುದು, ಮಾಡಿದವರ ಕಣ್ಣಿಗೆ ತಮ್ಮ ತಪ್ಪು ಕಾಣುವುದಿಲ್ಲ ಎಂಬ ಕಾರಣಕ್ಕೆ. ಮೊದಲೆರಡು ಸಹಿ ಒಬ್ಬರದೇ ಆದರೆ ಚೆಕ್ ಆಗಿಲ್ಲ ಎಂದೇ ಅರ್ಥ.

ಶೀಟುಗಳ ಎಣಿಕೆಯೂ ಮೋಸ ಮಾಡುತ್ತದೆ. ಒಂದು ಎ4 ಬ್ರ್ಯಾಕೆಟ್ ಕೂಡ ಒಂದು ಡ್ರಾಯಿಂಗ್, ನೂರಾರು ಭಾಗಗಳಿರುವ ಎ1 ಜೋಡಣೆಯೂ ಒಂದು ಡ್ರಾಯಿಂಗ್. ಎಣಿಕೆಗೆ ಸಂಬಳ ಬಿಗಿದರೆ ಜನ ಒಂದು ಶೀಟಿನ ಕೆಲಸವನ್ನು ಮೂರು ಶೀಟಿಗೆ ಹರಡುತ್ತಾರೆ, ಕಷ್ಟದ್ದನ್ನು ಮುಂದಕ್ಕೆ ತಳ್ಳುತ್ತಾರೆ. ಫ್ಲೋರಿನಲ್ಲಿ ಕತ್ತರಿಸಿದ ಪ್ಲೇಟು ಕೂಡದೆ ಹೋದಾಗ ಆಗುವ ನಷ್ಟ ಯಾವ ತಿಂಗಳ ಎಣಿಕೆಯಲ್ಲೂ ಕಾಣುವುದಿಲ್ಲ. ಅಳೆಯಲೇಬೇಕೆಂದಿದ್ದರೆ ವರ್ಕ್‌ಶಾಪಿನಿಂದ ವಾಪಸು ಬಂದ ಡ್ರಾಯಿಂಗ್‌ಗಳನ್ನು, ಬಂದ ಕಾರಣದ ಜೊತೆ ಬರೆದಿಡಲಿ. ಗಿರಾಕಿ ಮನಸ್ಸು ಬದಲಿಸಿದ್ದರಿಂದ ಬಂದದ್ದು ಬೇರೆ, ನಮ್ಮ ತಪ್ಪಿನಿಂದ ಬಂದದ್ದು ಬೇರೆ.

ಮ್ಯಾನೇಜರ್ ಜೊತೆ ವಾದಕ್ಕೆ ನಿಲ್ಲುವ ಬದಲು ನಿಮ್ಮ ಹುದ್ದೆಯ ವಿವರವನ್ನು ನೀವೇ ಬರೆದು ಕೊಂಡೊಯ್ಯಿರಿ. ಚೆಕ್ಕರ್ ಏನೇನು ನೋಡುತ್ತಾರೆ: ಅಳತೆ, ಮೆಟೀರಿಯಲ್, ವೆಲ್ಡ್ ಗುರುತು, ಪಕ್ಕದ ಡ್ರಾಯಿಂಗ್ ಜೊತೆ ಹೊಂದಾಣಿಕೆ, ರಿವಿಜನ್ ಸಂಖ್ಯೆ. ಸರಿಯಿಲ್ಲದ ಡ್ರಾಯಿಂಗನ್ನು ಹಿಂದಿರುಗಿಸುವ ಅಧಿಕಾರ ಚೆಕ್ಕರ್‌ಗೆ ಇದೆ, ತುರ್ತಿನ ಹೆಸರಿನಲ್ಲಿ ಅದನ್ನು ಕಸಿದುಕೊಳ್ಳುವಂತಿಲ್ಲ ಎಂಬ ಸಾಲು ಖಂಡಿತ ಇರಲಿ. ಕಿರಿಯರಿಗೆ ಅವರ ತಪ್ಪನ್ನು ಕೂರಿಸಿಕೊಂಡು ತೋರಿಸುವ ಸಮಯವನ್ನೂ ಕೆಲಸದ ತಾಸುಗಳಲ್ಲೇ ಲೆಕ್ಕ ಹಾಕಿಸಿ. ಹದಿನೆಂಟು ವರ್ಷ ಕಲಿತದ್ದನ್ನು ನೀವು ದಾಟಿಸುವುದು ಆ ಸಮಯದಲ್ಲಿ. ಅದಕ್ಕೆ ಬೆಲೆ ಕೊಡದ ಡ್ರಾಯಿಂಗ್ ವಿಭಾಗ ಪ್ರತಿ ಬಾರಿಯೂ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಪ್ರಶ್ನೆ: ಬೆಂಗಳೂರಿನ ಕಂಪನಿಯೊಂದು ಅಮೆರಿಕದ ಗಿರಾಕಿಗಳ ಸ್ಟೀಲ್ ಡೀಟೇಲಿಂಗ್ ಕೆಲಸವನ್ನು ಮನೆಯಿಂದಲೇ ಮಾಡಲು ಕೊಡುತ್ತದೆ. ವಿವರದಲ್ಲಿ “ಹೊಂದಿಕೊಳ್ಳುವ ವೇಳೆ” ಎಂದಷ್ಟೇ ಇದೆ. ನಮ್ಮದು ಜೋಯಿಡಾದ ಒಳಗಿನ ಹಳ್ಳಿ, ಮಳೆಗಾಲದಲ್ಲಿ ಕರೆಂಟಿನ ಭರವಸೆ ಇಲ್ಲ. ಒಪ್ಪಿಕೊಳ್ಳಲೇ?
— ಓದುಗ, ಜೋಯಿಡಾ

ಉತ್ತರ: ಒಪ್ಪುವ ಮುಂಚೆ ಮೂರು ಸಂಗತಿ ಬರವಣಿಗೆಯಲ್ಲಿ ಕೇಳಿ. ಅಮೆರಿಕದ ಹಗಲು ನಮ್ಮ ರಾತ್ರಿ. ಅವರ ಜೊತೆ ಮಾತುಕತೆ ಎಷ್ಟು ಹೊತ್ತಿಗೆ, ವಾರಕ್ಕೆ ಎಷ್ಟು ಸಲ? ಕರೆಂಟು ಹೋಗಿ ಕೆಲಸ ನಿಂತರೆ ಆ ದಿನದ ಸಂಬಳ ಏನಾಗುತ್ತದೆ? ಕಂಪ್ಯೂಟರ್, ಸಾಫ್ಟ್‌ವೇರ್ ಲೈಸೆನ್ಸ್, ಯುಪಿಎಸ್ ಯಾರದ್ದು? ಲೈಸೆನ್ಸ್ ನೀವೇ ನೋಡಿಕೊಳ್ಳಿ ಎಂದರೆ ಬೇಡವೆನ್ನಿ.

ಕೆಲಸದ ಮಟ್ಟಿಗೆ ಹೇಳುವುದಾದರೆ, ಅವರದು ಥರ್ಡ್ ಆ್ಯಂಗಲ್ ಪ್ರೊಜೆಕ್ಷನ್, ಅಳತೆ ಅಡಿ-ಅಂಗುಲದಲ್ಲಿ. ಇಲ್ಲಿ ಫಸ್ಟ್ ಆ್ಯಂಗಲ್, ಮಿಲಿಮೀಟರ್‌ನಲ್ಲಿ ಪಳಗಿದ ಕೈಗೆ ಒಗ್ಗಲು ಸಮಯ ಬೇಕು. ಆ ತರಬೇತಿಯ ಅವಧಿಗೂ ಸಂಬಳ ಇದೆಯೇ ಎಂದು ಕೇಳಿ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕರ್ನಾಟಕ ಕಾಯ್ದೆಯ ಪ್ರಕಾರ ಕೆಲಸಕ್ಕೆ ಸೇರಿದ 30 ದಿನದೊಳಗೆ ನೇಮಕದ ಪತ್ರವನ್ನು ಲಿಖಿತವಾಗಿ ಕೊಡಬೇಕು. ಹುದ್ದೆಯ ವಿವರವನ್ನು ಆ ಪತ್ರಕ್ಕೆ ಲಗತ್ತಿಸಲು ಹೇಳಿ. ಮಳೆಗಾಲದ ತೊಂದರೆಯನ್ನು ಮುಚ್ಚಿಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾಂಡೇಲಿಯಲ್ಲೋ ಹಳಿಯಾಳದಲ್ಲೋ ರೂಮು ಹಿಡಿದು ಕೆಲಸ ಮಾಡುತ್ತೇನೆ, ಬಾಡಿಗೆಗೆ ಇಷ್ಟು ಕೊಡಿ ಎಂದು ಕೇಳಿ ನೋಡಿ.

ಪ್ರಶ್ನೆ: ನಮ್ಮದು ಮನೆ ಪ್ಲಾನ್, ಎಸ್ಟಿಮೇಟ್ ಮಾಡುವ ಸಣ್ಣ ಆಫೀಸು. ಡ್ರಾಫ್ಟ್ಸ್‌ಮನ್ ಒಬ್ಬರೇ. ಜಾಗ ಅಳೆಯುವುದು, ಪಂಚಾಯಿತಿಗೆ ಹೋಗುವುದು, ಜೆರಾಕ್ಸ್ ಎಲ್ಲ ಅವರದೇ. ಇಷ್ಟು ಸಣ್ಣ ಕಡೆಯೂ ಹುದ್ದೆಯ ವಿವರ ಬೇಕೇ?
— ಸಿವಿಲ್ ಎಂಜಿನಿಯರ್, ಮುಂಡಗೋಡ

ಉತ್ತರ: ಒಬ್ಬರೇ ಇರುವ ಕಡೆ ಇನ್ನೂ ಹೆಚ್ಚು ಬೇಕು. ಪಂಚಾಯಿತಿಯ ಓಡಾಟವನ್ನೂ ಜೆರಾಕ್ಸನ್ನೂ ಮರೆಯದೆ ಬರೆಯಿರಿ, ಓಡಾಟಕ್ಕೆ ಪೆಟ್ರೋಲ್ ಖರ್ಚು ಕೊಡುವುದನ್ನೂ ಬರೆಯಿರಿ. ಪ್ಲಾನಿಗೆ ಸಹಿ ನಿಮ್ಮದು, ಆದ್ದರಿಂದ ಕಾಲಂ, ಸ್ಲ್ಯಾಬಿನ ಕಬ್ಬಿಣ ಎಷ್ಟು ಎಂದು ತೀರ್ಮಾನಿಸುವುದೂ ನಿಮ್ಮದೇ ಎಂಬ ಸಾಲು ಮೇಲೆಯೇ ಇರಲಿ. ಗಿರಾಕಿ ನೇರವಾಗಿ ಡ್ರಾಫ್ಟ್ಸ್‌ಮನ್ ಹತ್ತಿರ ಬಂದು ಗೋಡೆ ಸರಿಸಲು ಹೇಳಿದಾಗ ಅವರು ತೋರಿಸಬಹುದಾದ ಕಾಗದ ಅದು.

ಈ ವಾರ ಪತ್ರ ಬರೆದ ಮಾಲೀಕರಲ್ಲಿ, ಮ್ಯಾನೇಜರುಗಳಲ್ಲಿ ಒಂದು ವಿನಂತಿ. ಬರೆದ ವಿವರವನ್ನು ಪತ್ರಿಕೆಗೆ ಕಳಿಸುವ ಮೊದಲು, ಈಗ ನಿಮ್ಮಲ್ಲಿ ಅದೇ ಕೆಲಸ ಮಾಡುತ್ತಿರುವವರ ಕೈಗೆ ಕೊಟ್ಟು ಓದಿಸಿ. ಅವರು ಹೊಡೆದುಹಾಕಿದ ಸಾಲನ್ನು ಬಿಡಿ, ಸೇರಿಸಿದ ಸಾಲನ್ನು ಇಟ್ಟುಕೊಳ್ಳಿ.