ಭಾವನ ಕಾರು ಮತ್ತು ಸಿಗದ ಅರ್ಥಿಂಗ್

ಮೂರನೇ ಸಲ ಸೆಲ್ಫ್ ಹೊಡೆದಾಗ ಹೊಗೆ ಬಂತು. ಬಂದದ್ದು ಸೈಲೆನ್ಸರಿನಿಂದಲ್ಲ, ಅಕ್ಸಿಲರೇಟರ್ ಕೇಬಲ್ಲಿನಿಂದ. ಭಾವ ಸೀಟಿನಲ್ಲಿದ್ದರು. ಬಾನೆಟ್ ಇಲ್ಲದ ಎಂಜಿನ್ನಿನ ಪಕ್ಕ, ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತಬ್ಬಿಕೊಂಡು ನಾನಿದ್ದೆ. ಪೆಟ್ರೋಲಿನ ವಾಸನೆ ಬಂದರೆ ಏನು ಮಾಡಬೇಕು, ಎಣ್ಣೆ ಚಿಮ್ಮಿದರೆ ಏನು ಮಾಡಬೇಕು ಎಂದೆಲ್ಲ ಹಿಂದಿನ ರಾತ್ರಿ ನನಗೆ ಪಾಠವಾಗಿತ್ತು. ಪೆಡಲಿಗೆ ಕಟ್ಟಿದ ತಂತಿ ಒಲೆಗಿಟ್ಟ ಸರಳಿನಂತೆ ಕಾಯುವ ಸಂಗತಿ ಆ ಪಾಠದಲ್ಲಿರಲಿಲ್ಲ. ಭಾವ ಕೆಳಗಿಳಿದು ಬಂದರು, ಕರಗಿದ ಪ್ಲಾಸ್ಟಿಕ್ಕನ್ನು ಬಗ್ಗಿ ಮೂಸಿದರು, “ಅರ್ಥಿಂಗ್” ಎಂದರು. ಅಷ್ಟೇ ಮಾತು.

ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಬ್ಯಾಟರಿಯಿಂದ ಸೆಲ್ಫ್ ಮೋಟರಿಗೆ ನುಗ್ಗಿದ ನೂರಾರು ಆಂಪಿಯರ್ ಕರೆಂಟು ವಾಪಸು ಬರಬೇಕಾದದ್ದು ಎಂಜಿನ್ನಿನಿಂದ ಚಾಸಿಗೆ ಕಟ್ಟಿದ ದಪ್ಪ ತಂತಿಯ ಮೂಲಕ. ತಂತಿಯನ್ನು ಭಾವ ಕಟ್ಟಿದ್ದರು, ಹೊಸದನ್ನೇ ಕಟ್ಟಿದ್ದರು. ಆದರೆ ಬೋಲ್ಟಿನ ಅಡಿಯಲ್ಲಿ ಚಾಸಿಯ ಪೌಡರ್ ಕೋಟಿಂಗ್ ಹಾಗೇ ಇತ್ತು. ಬಣ್ಣ ಕರೆಂಟನ್ನು ಬಿಡುವುದಿಲ್ಲ. ಮುಂಬಾಗಿಲು ಮುಚ್ಚಿದ್ದರೆ ಹಿತ್ತಿಲ ಬಾಗಿಲು. ಎಂಜಿನ್ನಿಗೂ ಚಾಸಿಗೂ ಸುಲಭಕ್ಕೆ ಸಿಕ್ಕ ಇನ್ನೊಂದು ಲೋಹದ ನಂಟೆಂದರೆ ಬಡಪಾಯಿ ಅಕ್ಸಿಲರೇಟರ್ ಕೇಬಲ್ಲು. ರೂಪಾಯಿಯಗಲದ ಬಣ್ಣ ಕೆರೆಯಲು ಐದು ನಿಮಿಷ ಸಾಕು. ಹೊಸ ಕೇಬಲ್ ಬರಲು ಎರಡು ವಾರ ಕಾಯಬೇಕಾಯಿತು.

ಇದೆಲ್ಲ ನಡೆದದ್ದು ಇಂಗ್ಲೆಂಡಿನಲ್ಲಿ, ಲೆಸ್ಟರ್ ಬಳಿ, ಅಕ್ಕನ ಮನೆಗೆ ಅಂಟಿಕೊಂಡ ಒಂಟಿ ಗ್ಯಾರೇಜಿನಲ್ಲಿ. ಭಾವ ವೃತ್ತಿಯಿಂದ ಅಕೌಂಟೆಂಟ್. ಹಾಸನದ ಬಿ.ಎಂ. ರಸ್ತೆಯ ಗ್ಯಾರೇಜುಗಳ ಎದುರು ಶಾಲೆಯ ಚೀಲ ಬೆನ್ನಿಗೇರಿಸಿ ನಿಂತು, ಲಾರಿಗಳ ಹೊಟ್ಟೆ ಬಗೆಯುವುದನ್ನು ನೋಡುತ್ತ ಬೆಳೆದವರು. ಐವತ್ತು ದಾಟಿದ ಮೇಲೆ ಸಂಜೆ ತರಗತಿಗೆ ಸೇರಿ ವೆಲ್ಡಿಂಗ್ ಕಲಿತರು. ಅಕ್ಕ ಆ ದಿನಗಳನ್ನು “ಇವರು ಕಿಡಿ ಹಚ್ಚಿಕೊಂಡ ಕಾಲ” ಎನ್ನುತ್ತಾಳೆ.

ಕಟ್ಟಿದ್ದು ಲೋಟಸ್ ಸೆವೆನ್ ಮಾದರಿಯ ನಕಲು. ಕಾಲಿನ್ ಚಾಪ್ಮನ್ 1957ರಲ್ಲಿ ಹೊರತಂದ ಆ ಕಾರಿಗೆ ಸೂರಿಲ್ಲ, ಬಾಗಿಲಿಲ್ಲ, ನಿಜ ಹೇಳಬೇಕೆಂದರೆ ಕಾರೆನ್ನಿಸಿಕೊಳ್ಳುವ ಯಾವ ಲಕ್ಷಣವೂ ಇಲ್ಲ. ಉದ್ದ ಮೂತಿ, ಹೊರಗೆ ನಿಂತ ಮುಂದಿನ ಚಕ್ರಗಳು, ಹಿಂದಿನ ಚಕ್ರಗಳ ಮುಂದೆಯೇ ಎರಡು ಸೀಟು. ಆಗ ಬ್ರಿಟನ್ನಿನಲ್ಲಿ ಪೂರ್ತಿ ಜೋಡಿಸಿದ ಕಾರಿಗೆ ಖರೀದಿ ತೆರಿಗೆ ಇತ್ತು. ಬಿಡಿಭಾಗವಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಇರಲಿಲ್ಲ. ಜೋಡಿಸುವ ಕ್ರಮವನ್ನು ಬರೆದು ಕೊಡುವಂತಿಲ್ಲ ಎಂಬ ನಿಯಮವಿದ್ದದ್ದರಿಂದ ಚಾಪ್ಮನ್ ಬಿಚ್ಚುವ ಕ್ರಮ ಬರೆದುಕೊಟ್ಟು, ಹಿಂದಿನಿಂದ ಮುಂದಕ್ಕೆ ಓದಿಕೊಳ್ಳಿ ಎಂದರಂತೆ ಎಂಬ ಕಥೆಯೂ ಇದೆ. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು. ಅದೇ ವರ್ಷ ಸೆವೆನ್‌ನ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಬಂತು. ಅವರು ಇಂದಿಗೂ ಅದನ್ನು ಮಾಡುತ್ತಿದ್ದಾರೆ. ಅಷ್ಟು ದುಡ್ಡಿಲ್ಲದವರಿಗೆ 1996ರಲ್ಲಿ ರಾನ್ ಚಾಂಪಿಯನ್ ಬರೆದ ಪುಸ್ತಕವೊಂದು ಸಿಕ್ಕಿತು. 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟಿಕೊಳ್ಳಿ ಎಂದು ಅದರ ಹೆಸರೇ ಆಸೆ ಹುಟ್ಟಿಸುತ್ತದೆ. ಭಾವ ಹಿಡಿದದ್ದು 2007ರಲ್ಲಿ ಬಂದ ಕ್ರಿಸ್ ಗಿಬ್ಸ್ ಅವರ ಪುಸ್ತಕವನ್ನು. ಚದರ ಕೊಳವೆಗಳ ಚಾಸಿ, ಹಳೆಯ ಫೋರ್ಡ್ ಸಿಯೆರಾದಿಂದ ಎಂಜಿನ್, ಗೇರ್‌ಬಾಕ್ಸ್, ಬ್ರೇಕು, ಡಿಫರೆನ್ಶಿಯಲ್. ಖರ್ಚು 250 ಪೌಂಡಿಗೆ ನಿಂತಿತೇ ಎಂದು ಮಾತ್ರ ಅಕೌಂಟೆಂಟರನ್ನು ಕೇಳಬಾರದು.

ಊರಿಗೆ ಬಂದಾಗ ನೆಂಟರು ಕೇಳುವ ಪ್ರಶ್ನೆ ಬೇರೆ: ಇಲ್ಲಿಯೂ ಹೀಗೆ ಮಾಡಬಹುದಾ? ಮಾಡಬಹುದು, ರಸ್ತೆಗೆ ಇಳಿಸುವುದು ಕಷ್ಟ. ನಮ್ಮಲ್ಲಿ ತಯಾರಕರು ಮೊದಲು ಮಾದರಿ ವಾಹನವನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆಯಬೇಕು. ಇರುವ ಕಾರನ್ನೇ ತಿದ್ದೋಣವೆಂದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ನಿಲ್ಲುತ್ತದೆ. ಹಾಗೆಂದು ಸೆವೆನ್‌ನ ಗಾಳಿ ಭಾರತಕ್ಕೆ ಬೀಸದೆಯೂ ಇಲ್ಲ: ಮಹಾರಾಷ್ಟ್ರದ ಅಲಿಬಾಗ್ ಕಡೆ ಚಿಂಕಾರಾ ಎಂಬ ಪುಟ್ಟ ಕಂಪನಿ ಇದೇ ಅಚ್ಚಿನ ರೋಡ್‌ಸ್ಟರ್ ಮಾಡಿತ್ತು. ಅದರೊಳಗಿದ್ದದ್ದು ನಮ್ಮ ಕಾಂಟೆಸಾದಲ್ಲಿದ್ದ ಇಸುಜು 1.8 ಎಂಜಿನ್ನು.

ಬ್ರಿಟನ್ನಿನಲ್ಲಿ ಒಬ್ಬನೇ ಕಟ್ಟಿದ ಒಂದೇ ಕಾರನ್ನೂ ಪರೀಕ್ಷಿಸಿ ರಸ್ತೆಗೆ ಬಿಡುವ ವ್ಯವಸ್ಥೆ ಇದೆ. ಅಲ್ಲಿಗೆ ತಲುಪುವ ಮೊದಲು ನಾವು ದಾಟಿದ ಎಂಟು ತಿಂಗಳಿವೆಯಲ್ಲ, ಹೇಳಬೇಕಾದದ್ದು ಅದರದ್ದೇ. ಚಾಸಿ, ಎಂಜಿನ್, ಬಾಡಿ ಎಲ್ಲ ಸೇರಿ ನೋಡುವವರಿಗೆ ಕಾರು ಮುಗಿದಂತೆಯೇ ಇತ್ತು. ಎಂಜಿನ್ ಒಳ್ಳೆಯದು, ಬ್ರೇಕು ಒಳ್ಳೆಯದು, ರೇಡಿಯೇಟರ್ ಒಳ್ಳೆಯದು. ಮದುವೆ ಮನೆಯಲ್ಲಿ ಹುಡುಗನೂ ಒಳ್ಳೆಯವನು, ಹುಡುಗಿಯೂ ಒಳ್ಳೆಯವಳು. ತಕರಾರೆಲ್ಲ ಬೀಗರ ನಡುವೆ. ಇಲ್ಲೂ ಹಾಗೇ ಆಯಿತು. ಕೆಟ್ಟ ಸಾಮಾನು ಅಂತ ನಮಗೆ ಒಂದೂ ಸಿಗಲಿಲ್ಲ. ಸಿಕ್ಕಿದ ತೊಂದರೆಗಳೆಲ್ಲ ಎರಡು ಒಳ್ಳೆಯ ಸಾಮಾನು ಸೇರುವ ಜಾಗದಲ್ಲಿ ಕಾದು ಕೂತಿದ್ದವು.

ಕೇಬಲ್ ಬಂದ ಮೇಲೆ ಮತ್ತೆ ಮೊದಲಿನಿಂದ ಶುರು. ಹೊಸದಾಗಿ ಕಟ್ಟಿದ ಎಂಜಿನ್ನನ್ನು ನೇರ ಚಾಲೂ ಮಾಡಬಾರದು. ಪ್ಲಗ್ಗುಗಳನ್ನು ಬಿಚ್ಚಿ ಬರೀ ಸೆಲ್ಫಿನಲ್ಲಿ ತಿರುಗಿಸಿ, ಎಣ್ಣೆ ಮೂಲೆಮೂಲೆ ತಲುಪುವಂತೆ ಮಾಡಬೇಕು. ಸಿಯೆರಾದ ಈ ಎರಡು ಲೀಟರಿನ ಎಂಜಿನ್ನಿಗೆ ಪಿಂಟೊ ಎಂದು ಹೆಸರು. ಅದರ ಕ್ಯಾಮ್‌ಶಾಫ್ಟಿನ ಪಕ್ಕ ತೂತುಗಳಿರುವ ಸಪೂರ ಕೊಳವೆಯೊಂದಿದೆ. ಅದರಿಂದ ಚಿಮ್ಮುವ ಎಣ್ಣೆಯೇ ಕ್ಯಾಮಿಗೆ ಅನ್ನ. ತೂತು ಕಟ್ಟಿದರೆ ಕ್ಯಾಮ್ ಸವೆದು ಹಾಳಾಗುತ್ತದೆ. ಮೇಲಿನ ಮುಚ್ಚಳ ತೆಗೆದು ಭಾವ ಕೀಲಿ ತಿರುಗಿಸಿದರು, ನಾನು ಟಾರ್ಚ್ ಬಿಟ್ಟೆ. ಎಣಿಸಿದಂತೆ ಹತ್ತು ಸೆಕೆಂಡು ಏನೂ ಇಲ್ಲ. ಆಮೇಲೆ ತೂತುಗಳಲ್ಲಿ ಒಂದೊಂದಾಗಿ ಜೇನಿನ ಬಣ್ಣದ ಎಳೆ ಎದ್ದಿತು. ಕಾರು ಕಟ್ಟಿದ ಒಟ್ಟು ನಾಲ್ಕೂವರೆ ವರ್ಷದಲ್ಲಿ ನಾನು ಕಂಡ ಅತಿ ಚೆಂದದ ದೃಶ್ಯ ಅದೇ. ಎಂಜಿನ್ ಮೊದಲ ಸಲ ಗುಡುಗಿದ್ದು ಅದರ ಮುಂದೆ ಏನೂ ಅಲ್ಲ. ಆಗ ನಾನು ಕಿವಿ ಮುಚ್ಚಿಕೊಂಡಿದ್ದೆ.

ಗುಡುಗಿ ಹತ್ತು ನಿಮಿಷಕ್ಕೆ ಬಿಸಿ ಏರಿತು. ಮೇಲಿನ ಹೋಸ್ ಮುಟ್ಟಿದರೆ ಸುಡುತ್ತದೆ, ಕೆಳಗಿನದು ತಣ್ಣಗೆ. ಈ ಕಾರುಗಳ ಮೂತಿ ತಗ್ಗು. ಹಾಗಾಗಿ ರೇಡಿಯೇಟರ್ ಎಂಜಿನ್ನಿನ ತಲೆಗಿಂತ ಕೆಳಗಿರುತ್ತದೆ, ಗಾಳಿ ಮೇಲೇರಿ ಎಂಜಿನ್ನಿನಲ್ಲೇ ಸಿಕ್ಕಿಕೊಳ್ಳುತ್ತದೆ. ನೀರಿನ ತೊಟ್ಟಿಯನ್ನು ಎಲ್ಲಕ್ಕಿಂತ ಎತ್ತರಕ್ಕೆ ಸರಿಸಿ, ಥರ್ಮೋಸ್ಟಾಟಿನ ತಟ್ಟೆಗೆ ಸಣ್ಣ ತೂತು ಕೊರೆದ ಮೇಲೆ ಸರಿಹೋಯಿತು.

ಬ್ರೇಕಿನದ್ದು ನಾಚಿಕೆಗೇಡಿನ ಕಥೆ. ಪೆಡಲ್ ಒತ್ತಿದರೆ ನೆನೆದ ಸ್ಪಂಜಿನಂತೆ ತಳ ಸೇರುತ್ತಿತ್ತು. ಪೈಪಿನಲ್ಲಿ ಗಾಳಿ ಇದೆ ಎಂದರ್ಥ. ಪೆಡಲ್ ಮೇಲೆ ನನ್ನ ಕಾಲು, ಚಕ್ರದ ಬಳಿ ಪಾನಾ ಹಿಡಿದು ಭಾವ. “ಒತ್ತು... ಹಿಡ್ಕೋ... ಬಿಡು.” ನಾಲ್ಕು ಭಾನುವಾರ ಇದೇ ಮಂತ್ರ. ಬಾಟಲಿಗಟ್ಟಲೆ ಬ್ರೇಕ್ ಆಯಿಲ್ ಹರಿಯಿತು, ತುಳುಕಿದ ಒಂದಿಷ್ಟು ಬಾಡಿಯ ಹಸಿರು ಬಣ್ಣವನ್ನು ಅಂಗೈಯಗಲ ತಿಂದುಹಾಕಿತು, ಪೆಡಲ್ ಮಾತ್ರ ಗಟ್ಟಿಯಾಗಲಿಲ್ಲ. ಮಾಸ್ಟರ್ ಸಿಲಿಂಡರ್ ಮೇಲೆ ಅನುಮಾನಪಟ್ಟು ಹೊಸದನ್ನು ತರಿಸಿದ್ದೂ ಆಯಿತು. ಐದನೆಯ ಭಾನುವಾರ ಚಹಾ ಕೊಡಲು ಬಂದ ಅಕ್ಕನ ಮಗಳು, ಹೈಸ್ಕೂಲಿನ ಹುಡುಗಿ, “ಅಪ್ಪಾ, ಗಾಳಿ ಮೇಲಕ್ಕಲ್ವಾ ಹೋಗೋದು? ತೂತು ಯಾಕೆ ಕೆಳಗಿದೆ?” ಎಂದಳು. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕೂತಿತ್ತು. ಗಾಳಿ ಬಿಡುವ ನಿಪ್ಪಲ್ ನೆಲ ನೋಡುತ್ತಿತ್ತು. ಬೋಲ್ಟುಗಳು ಎರಡೂ ಕಡೆ ಸರಿಯಾಗಿಯೇ ಹೊಂದುತ್ತವೆ, ಅದೇ ಅದರ ಮೋಸ. ಅದಲುಬದಲು ಮಾಡಿ ಮುಕ್ಕಾಲು ಗಂಟೆಗೆ ಪೆಡಲ್ ಕಲ್ಲಾಯಿತು. ಭಾವ ಅವತ್ತು ರಾತ್ರಿ ಊಟಕ್ಕೆ ಕೂತು ಯಾರೊಂದಿಗೂ ಮಾತಾಡಲಿಲ್ಲ.

ಪರೀಕ್ಷೆಯ ಹೆಸರು ಐವಿಎ, ಒಂದೊಂದೇ ವಾಹನಕ್ಕೆ ಕೊಡುವ ಒಪ್ಪಿಗೆ. ಇಂಥ ಕಾರುಗಳಿಗೆ ಇದು 2009ರಿಂದ ಇದೆ. ಟ್ರೇಲರ್ ಮೇಲೆ ಒಯ್ದೆವು. ಪರೀಕ್ಷಕರು ನಯವಾದ ಮನುಷ್ಯ. ಅವರಲ್ಲಿ 100 ಮಿ.ಮೀ. ವ್ಯಾಸದ ಗುಂಡೊಂದಿತ್ತು. ಕಾರಿನ ಮೈಮೇಲೆ ಆ ಗುಂಡು ತಾಕುವ ಯಾವ ಅಂಚೂ ಚೂಪಾಗಿರಬಾರದು, ಕನಿಷ್ಠ 2.5 ಮಿ.ಮೀ. ತ್ರಿಜ್ಯದಷ್ಟು ದುಂಡಗಿರಬೇಕು. ಡಿಕ್ಕಿಯಾದರೆ ದಾರಿಹೋಕನ ಚರ್ಮ ಹರಿಯಬಾರದೆಂಬ ಕಾಳಜಿ. ಅರ್ಧ ದಿನ ಅವರು ಅಂಚು ಸವರಿದರು, ತಿರುವಿನಿಂದ ಬಿಟ್ಟ ಸ್ಟೀರಿಂಗ್ ತಾನೇ ನೆಟ್ಟಗಾಗುತ್ತದೆಯೇ ನೋಡಿದರು, ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸುತ್ತದೆಯೇ ಅಳೆದರು, ಸೈಲೆನ್ಸರಿನ ಪಕ್ಕ ಮೈಕು ಇಟ್ಟು 99 ಡೆಸಿಬಲ್ ಮಿತಿಯೊಳಗಿದೆಯೇ ಕೇಳಿಸಿಕೊಂಡರು. ಎಂಜಿನ್ 1989ರದ್ದು ಎಂಬ ದಾಖಲೆ ಕೊಟ್ಟಿದ್ದರಿಂದ ಹೊಗೆಗೆ ಆ ಕಾಲದ ಮಿತಿಯೇ ಲೆಕ್ಕ. ಇದರಲ್ಲೆಲ್ಲ ಪಾಸು. ಫೇಲಾದದ್ದು ಹೆಡ್‌ಲೈಟಿನ ಬ್ರಾಕೆಟ್ಟಿನ ಒಂದು ಅಂಚಿನಲ್ಲಿ, ಸಡಿಲವಾಗಿದ್ದ ಎಡಗನ್ನಡಿಯಲ್ಲಿ, ಸಸ್ಪೆನ್ಶನ್ನಿನಲ್ಲಿ ಲಾಕ್ ನಟ್ ಇರಬೇಕಾದಲ್ಲಿ ಕೂತಿದ್ದ ಒಂದು ಸಾದಾ ನಟ್ಟಿನಲ್ಲಿ. ಮತ್ತೆ ಜೋಡಣೆಯೇ. ಹದಿನೈದು ದಿನ ಬಿಟ್ಟು ಹೋದಾಗ ಒಪ್ಪಿಗೆ ಸಿಕ್ಕಿತು. ವಯಸ್ಸು, ಮೂಲ ಇಂಥದ್ದೆಂದು ಹೇಳಲಾಗದ ವಾಹನಗಳಿಗೆ ಅಲ್ಲಿ ಕ್ಯೂ ಅಕ್ಷರದಿಂದ ಶುರುವಾಗುವ ನಂಬರ್ ಕೊಡುತ್ತಾರೆ. ನಮಗೂ ಅದೇ. “ಗೋತ್ರ ಗೊತ್ತಿಲ್ಲದ ಕಾರು” ಎಂದಳು ಅಕ್ಕ.

ಮೊದಲ ಸವಾರಿಗೆ ಮೇ ತಿಂಗಳ ಒಂದು ಶನಿವಾರ ನಿಗದಿಯಾಯಿತು. ಅಕ್ಕ ಕುಂಕುಮವಿಟ್ಟು ಚಕ್ರಗಳಡಿ ನಿಂಬೆಹಣ್ಣಿಟ್ಟಳು. ಕನ್ನಡಿಗೆ ಮೆಣಸಿನಕಾಯಿ ಸರ ಕಟ್ಟಲು ಬಂದಾಗ ಮಾತ್ರ ಭಾವ ಪರೀಕ್ಷಕರ ಗುಂಡನ್ನು ನೆನೆದು ಕೈ ಮುಗಿದರು. ಗೇಜಿನಲ್ಲಿ ಪೆಟ್ರೋಲ್ ಮುಕ್ಕಾಲಿಗಿಂತ ಮೇಲಿತ್ತು. ಹೊರಟೆವು.

ಇದರಲ್ಲಿ ಕೂತರೆ ರಸ್ತೆ ಕೈಗೆಟುಕುತ್ತದೆ. ಪಕ್ಕದಲ್ಲಿ ಲಾರಿ ಬಂದರೆ ಕಣ್ಣಿಗೆ ನೇರ ಕಾಣುವುದು ಅದರ ಚಕ್ರದ ನಟ್ಟುಗಳು. ಮಾರುತಿ 800ಕ್ಕಿಂತ ಹಗುರ ಮೈಗೆ ಎರಡು ಲೀಟರಿನ ಎಂಜಿನ್. ಗಂಟೆಗೆ ಮೂವತ್ತು ಮೈಲಿಗೇ ಕಣ್ಣಲ್ಲಿ ನೀರು. ಮಾತು ಕೇಳಿಸದ್ದರಿಂದ ಭಾವ ಬೆರಳು ತೋರಿಸುತ್ತಿದ್ದರು: ಆಯಿಲ್ ಪ್ರೆಶರ್, ಬಿಸಿ, ಮತ್ತೆ ಆಯಿಲ್ ಪ್ರೆಶರ್. ಐದು ಮೈಲಿಗೆ ನಿಲ್ಲಿಸಿ ನಾಲ್ಕೂ ಹಬ್ಬುಗಳನ್ನು ಮುಟ್ಟಿ ನೋಡಿದೆವು. ಚಕ್ರದ ನಟ್ಟುಗಳನ್ನು ಮತ್ತೆ ಬಿಗಿದಾಗ ಒಂದು ಕಾಲು ಸುತ್ತು ಬಂತು. ಸ್ಟೀರಿಂಗ್ ಚಕ್ರ ಒಂದು ಹಲ್ಲು ಎಡಕ್ಕೆ ಕೂತಿತ್ತು. ಎಲ್ಲ ಟಿಪ್ಪಣಿ ಪುಸ್ತಕಕ್ಕೆ ಬಿತ್ತು. ಏಳನೇ ಮೈಲಿಗೆ, ಸಾಸಿವೆಯಂಥ ಹಳದಿ ಹೂವಿನ ಹೊಲಗಳ ನಡುವೆ, ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಅರ್ಧ ಗಂಟೆ ಹುಡುಕಿದೆವು. ಕಿಡಿ ಇದೆ, ಪಂಪ್ ಸದ್ದು ಮಾಡುತ್ತಿದೆ, ಗೇಜಿನ ಮುಳ್ಳು ಈಗ ಪೂರ್ತಿ ತುಂಬಿದಲ್ಲಿಗೆ ಏರಿದೆ. ಆ “ಏರಿದೆ”ಯನ್ನು ನಾವಿಬ್ಬರೂ ಒಟ್ಟಿಗೇ ಗಮನಿಸಿದೆವು. ಓಡಿಸಿದಷ್ಟೂ ತುಂಬುವ ಟ್ಯಾಂಕು ದ್ರೌಪದಿಯ ಅಕ್ಷಯಪಾತ್ರೆಗೂ ಸಾಧ್ಯವಿಲ್ಲದ ಪವಾಡ. ಭಾವ ತಲೆ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತರು. ಟ್ಯಾಂಕಿನೊಳಗಿನ ಸೆಂಡರ್ ಒಂದು ಕಂಪನಿಯದು: ಖಾಲಿಗೆ 10 ಓಮ್, ತುಂಬಿದಾಗ 180. ಡ್ಯಾಶ್‌ಬೋರ್ಡಿನ ಗೇಜು ಬ್ರಿಟಿಷ್ ಹಳೇ ಪದ್ಧತಿಯದು: ಓಮ್ ಹೆಚ್ಚಾದರೆ ಖಾಲಿ, ಕಡಿಮೆಯಾದರೆ ಭರ್ತಿ. ಮೊದಲು ಅರ್ಧ ಟ್ಯಾಂಕ್ ತುಂಬಿಸಿದ್ದಾಗ ಮುಳ್ಳು ಅರ್ಧಕ್ಕೇ ನಿಂತಿತ್ತು. ನಡುವಿನಲ್ಲಿ ಇಬ್ಬರ ಲೆಕ್ಕವೂ ಹೆಚ್ಚುಕಡಿಮೆ ತಾಳೆಯಾಗುತ್ತದೆ. ಮುಂದೆ ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ಎಂಜಿನ್ ಓಡಿಸಿ ಪೆಟ್ರೋಲ್ ಸುಟ್ಟಂತೆಲ್ಲ ಮುಳ್ಳು ನಮಗೆ ಗೊತ್ತಾಗದಂತೆ ಮೇಲೇರುತ್ತಿತ್ತು. ಎರಡೂ ಹೊಸವು, ಎರಡೂ ಒಳ್ಳೆಯವು.

ಅಕ್ಕ ಬಂಕಿನಿಂದ ಐದು ಲೀಟರಿನ ಕ್ಯಾನು ತುಂಬಿಸಿಕೊಂಡು ತನ್ನ ಕಾರಿನಲ್ಲಿ ಬಂದಳು. ವಿವರಣೆಯನ್ನೆಲ್ಲ ಕೇಳಿಸಿಕೊಂಡು, “ಊರಲ್ಲಿ ಗ್ಯಾಸ್ ಸಿಲಿಂಡರ್ ಖಾಲಿಯಾಯ್ತಾ ಅಂತ ಒಂಚೂರು ಎತ್ತಿ ಅಲ್ಲಾಡಿಸಿ ನೋಡ್ತಿದ್ವಿ. ನಿಮಗೆ ಅಷ್ಟೂ ಹೊಳೀಲಿಲ್ವೇನ್ರೀ?” ಎಂದಳು. ಭಾವ ಸುಮ್ಮನೆ ಆಲಿಕೆ ಹಿಡಿದರು. ವಾಪಸು ಹೋಗುವಾಗ ಅವಳೇ ಶಾಲು ಬಿಗಿದುಕೊಂಡು ಹಸಿರು ಕಾರಿನಲ್ಲಿ ಕೂತಳು. ಅವಳ ಕಾರನ್ನು ನಾನು ಹಿಂದಿನಿಂದ ತಂದೆ.

ಊರಿನ ಮೊದಲ ತಿರುವಿನಲ್ಲಿ ಭಾವ ನಿಧಾನಿಸಿದರು. ಎಡಗಡೆಯ ಇಂಡಿಕೇಟರ್ ಮಿನುಗಿತು. ಅದು ಹೊತ್ತಿದಾಗಲೆಲ್ಲ ಅದರ ಪಕ್ಕದ ಬ್ರೇಕ್ ದೀಪ ಮಂಕಾಗುತ್ತಿತ್ತು, ಇದು ಆರಿದಾಗ ಅದು ಉರಿಯುತ್ತಿತ್ತು. ಎರಡು ದೀಪಕ್ಕೂ ಒಂದೇ ತಂತಿ, ತಂತಿಯ ಕೊನೆಯಲ್ಲಿ ಒಂದು ಬೋಲ್ಟು, ಬೋಲ್ಟಿನ ಅಡಿಯಲ್ಲಿ ಪೌಡರ್ ಕೋಟಿಂಗ್. ಮನೆ ತಲುಪಿದ ಮೇಲೆ ಹೇಳೋಣವೆಂದುಕೊಂಡೆ. ಮುಂದೆ ಶಾಲಿನ ತುದಿ ಗಾಳಿಗೆ ಹಾರುತ್ತಿತ್ತು, ಅಕ್ಕ ಭಾವನಿಗೆ ಏನನ್ನೋ ಬೆರಳು ಮಾಡಿ ತೋರಿಸುತ್ತಿದ್ದಳು.